ಮುಪ್ಪಿನ ಹೆಜ್ಜೆ ಯಾರ ಹೊಣೆ?

ನಡೆಯಲಿಕ್ಕೆ ಕಲಿಯುವ ಕೂಸು ದಿನಕ್ಕೆ ಹತ್ತು ಸಾರಿ ಬೀಳುತ್ತದೆ. ಅದು ಬಿದ್ದಾಗ ಮನೆಯವರು ನಕ್ಕು, ಎತ್ತಿ ನಿಲ್ಲಿಸಿ, ಇನ್ನೊಂದು ಹೆಜ್ಜೆ ಇಡು ಎಂದು ಕೈಚಾಚಿ ಕರೆಯುತ್ತಾರೆ. ಅದೇ ಮನೆಯಲ್ಲಿ ಅಜ್ಜಿಯು ಒಂದು ಸಾರಿ ಬಿದ್ದರೆ, ಇನ್ನು ನೀನು ಏಳಬೇಡ, ಕೂತಲ್ಲೇ ಕೂತಿರು ಎಂದು ಹೇಳುತ್ತಾರೆ. ಎರಡು ಮಾತುಗಳೂ ಪ್ರೀತಿಯಿಂದಲೇ ಹುಟ್ಟಿದವುಗಳೆಂಬದರಲ್ಲಿ ಸಂದೇಹವಿಲ್ಲ. ಆದರೆ ಒಂದು ಪ್ರೀತಿಯು ನಡಿಗೆಯನ್ನು ಕೊಡುತ್ತದೆ, ಮತ್ತೊಂದು ಪ್ರೀತಿಯು ಇದ್ದ ನಡಿಗೆಯನ್ನು ಕಿತ್ತುಕೊಳ್ಳುತ್ತದೆ. ಕೂಸಿನ ಮೂಳೆಯೂ ಮುದುಕಿಯ ಮೂಳೆಯೂ ಒಂದೇ ಅಲ್ಲವಲ್ಲಾ ಎಂದು ನೀವು ಕೇಳುವಿರಿ. ಕೇಳತಕ್ಕ ಮಾತೇ ಸರಿ. ಆದದರಿಂದಲೇ ಇದನ್ನು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕಾಗಿದೆ: ವೃದ್ಧರು ಬೀಳದಂತೆ ಕಾಯುವದು ನಮ್ಮ ಕರ್ತವ್ಯವಾದರೆ, ಅವರನ್ನು ಕೂಡ್ರಿಸಿ ಕಾಯುವದು ಆ ಕರ್ತವ್ಯದ ನೆರವೇರಿಕೆಯೋ, ಅಥವಾ ಅದರಿಂದ ತಪ್ಪಿಸಿಕೊಳ್ಳುವ ದಾರಿಯೋ?

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಲ್ಲಿ ಯಾವ ಹಳ್ಳಿಯನ್ನಾದರೂ ಬೆಳಗ್ಗೆ ಹತ್ತು ಗಂಟೆಯ ಮೇಲೆ ಹೊಕ್ಕು ನೋಡಿರಿ. ಅಡಿಕೆ ಸುಲಿಯುವ ಕಾಲದಲ್ಲಾಗಲಿ ಮೆಕ್ಕೆಜೋಳ ಮುರಿಯುವ ಕಾಲದಲ್ಲಾಗಲಿ, ಕೈಕಾಲು ಗಟ್ಟಿ ಇದ್ದವರೆಲ್ಲರೂ ಕೂಲಿಗೆ ಹೋಗಿರುತ್ತಾರೆ. ಮಕ್ಕಳು ಶಾಲೆಗೆ ಹೋಗಿರುತ್ತವೆ. ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬ ಮುದುಕನೋ ಮುದುಕಿಯೋ ಕೂತಿರುತ್ತಾರೆ. ಪಕ್ಕದಲ್ಲಿ ಒಂದು ಚೊಂಬು ನೀರು, ಮುಚ್ಚಿಟ್ಟ ಮುದ್ದೆ. ಸೊಸೆಯು ಹೋಗುವಾಗ, ಅತ್ತೇ, ಎದ್ದುಗಿದ್ದೀರಿ, ನಾವು ಬರುವ ತನಕ ಇಲ್ಲೇ ಇರ್ರಿ ಎಂದು ಹೇಳಿ ಹೋಗಿರುತ್ತಾಳೆ. ಆಕೆಯನ್ನು ನಿಂದಿಸಲಿಕ್ಕೆ ನಮಗೆ ಬಾಯಿ ಇಲ್ಲ. ಅತ್ತೆಯು ಬಿದ್ದರೆ ಊರವರು ಮೊದಲು ದೂರುವದು ಆಕೆಯನ್ನೇ. ಆಸ್ಪತ್ರೆಗೆ ಕರಕೊಂಡು ಹೋಗಿ ಅಲ್ಲಿ ರಾತ್ರಿ ಹಗಲು ಕಾದಿರಬೇಕಾದವಳೂ, ಕೂಲಿಯನ್ನು ಕಳಕೊಳ್ಳುವವಳೂ ಆಕೆಯೇ. ಮಗನಿಗೆ ಈ ಭಯದಲ್ಲಿ ಅರ್ಧ ಪಾಲೂ ಬರುವದಿಲ್ಲ.

ಮುದುಕಿಗೂ ಈ ಸಂಗತಿ ತಿಳಿದಿದೆ. ಆದದರಿಂದ ಆಕೆಯು ಬಚ್ಚಲಲ್ಲಿ ಜಾರಿ ಮೊಣಕೈ ತರಚಿಕೊಂಡದ್ದನ್ನು ಸೆರಗಿನಲ್ಲಿ ಮುಚ್ಚಿಡುತ್ತಾಳೆ. ಬಿದ್ದೆನೆಂದು ಹೇಳಿದರೆ ಮರುದಿನದಿಂದ ಹಿತ್ತಲ ಬಾಗಿಲು ಮುಚ್ಚಲ್ಪಡುವದೆಂದು ಆಕೆ ಬಲ್ಲಳು. ವೈದ್ಯರು ವೃದ್ಧರನ್ನು ಪರೀಕ್ಷಿಸುವಾಗ ಮುಖ್ಯವಾಗಿ ಕೇಳುವ ಪ್ರಶ್ನೆಗಳಲ್ಲಿ, ಕಳೆದ ಒಂದು ವರುಷದೊಳಗೆ ಬಿದ್ದದ್ದುಂಟೋ ಎಂಬದು ಒಂದು. ಯಾಕಂದರೆ ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ನಮ್ಮ ಮನೆಗಳಲ್ಲಿ ಆ ಒಂದು ಪ್ರಶ್ನೆಗೆ ಸತ್ಯವಾದ ಉತ್ತರ ಬಾರದಂತೆ ನಾವೇ ಮಾಡಿಟ್ಟಿದ್ದೇವೆ.

ಇನ್ನು ಕೆಲವರು, ವಯಸ್ಸಾಯಿತು, ಬಿದ್ದರು, ಹಣೆಯಲ್ಲಿ ಬರೆದದ್ದನ್ನು ತಪ್ಪಿಸುವವರು ಯಾರು ಎಂದು ಹೇಳಿ ಮಾತನ್ನು ಮುಗಿಸುತ್ತಾರೆ. ಲೋಕಾರೋಗ್ಯ ಸಂಸ್ಥೆಯವರ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ವರುಷಕ್ಕೆ ಸುಮಾರು 6,84,000 ಮಂದಿ ಬೀಳುವದರಿಂದ ಸಾಯುತ್ತಾರೆ. ಅವರಲ್ಲಿ ನೂರಕ್ಕೆ ಎಂಭತ್ತಕ್ಕಿಂತ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಸ್ಥಿತಿಯ ದೇಶಗಳವರು. ಅರುವತ್ತು ದಾಟಿದವರಲ್ಲಿ ಈ ಮರಣಗಳು ಎಲ್ಲರಿಗಿಂತ ಹೆಚ್ಚು. ಆಕಸ್ಮಿಕವಾದ ಗಾಯಗಳಿಂದ ಬರುವ ಮರಣಗಳಲ್ಲಿ ರಸ್ತೆಯ ಅಪಘಾತಗಳ ತರುವಾಯ ಇದಕ್ಕೇ ಎರಡನೆಯ ಸ್ಥಾನ. ಹಣೆಬರಹವೇ ಕಾರಣವಾಗಿದ್ದರೆ ಅದು ಬಡವರ ದೇಶಗಳನ್ನು ಇಷ್ಟು ಆರಿಸಿ ಹುಡುಕುವದು ಯಾಕೆ? ಹಾವು ಕಚ್ಚಿದರೆ ನಾವು ಹಣೆಬರಹವೆಂದು ಸುಮ್ಮನಿರುವದಿಲ್ಲ; ದೀಪ ಹಿಡಿದು ನಡೆಯುತ್ತೇವೆ, ಮನೆಯ ಬಿಲಗಳನ್ನು ಮುಚ್ಚುತ್ತೇವೆ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಸಣ್ಣ ವಿಧಿ ಇದೆ. ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆಯನ್ನು ಕಟ್ಟಬೇಕು. ಕಟ್ಟದೆ ಇದ್ದು ಯಾರಾದರೂ ಅಲ್ಲಿಂದ ಬಿದ್ದರೆ ಆ ರಕ್ತದ ದೋಷವು ಮನೆಯ ಮೇಲೆ ಬರುವದೆಂಬದು ಅದರ ತಾತ್ಪರ್ಯ. ಪಟ್ಟಣಗಳವರಿಗಿಂತ ಚಿತ್ರದುರ್ಗದ ಸೀಮೆಯವರಿಗೆ ಇದು ಬೇಗನೆ ಅರ್ಥವಾಗುವದು. ನಮ್ಮ ಹಳೇ ಮನೆಗಳೂ ಮಣ್ಣಿನ ಮಾಳಿಗೆಯ ಮನೆಗಳೇ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಹಾಕುವದು, ಬೇಸಿಗೆಯಲ್ಲಿ ಕಂಬಳಿ ಹಾಸಿ ಮಲಗುವದು ನಮಗೆ ಹೊಸದಲ್ಲ. ಕುಂಬಿ ಇಲ್ಲದ ಮಾಳಿಗೆಯ ಅಂಚು ಕತ್ತಲಲ್ಲಿ ಎಂಥಾದ್ದೆಂದು ನಮಗೆ ಗೊತ್ತು.

ಈ ವಿಧಿಯಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಬಿದ್ದವನು ಎಚ್ಚರವಾಗಿದ್ದನೋ ಇಲ್ಲವೋ ಎಂದು ಅದು ವಿಚಾರಿಸುವದಿಲ್ಲ. ಮುದುಕನಾಗಿದ್ದನೋ, ಕಣ್ಣು ಮಂದವಾಗಿತ್ತೋ ಎಂದೂ ಕೇಳುವದಿಲ್ಲ. ಮನುಷ್ಯನು ಬೀಳತಕ್ಕವನೇ ಎಂದು ತಿಳಿದು, ಹೊಣೆಯನ್ನು ಕಟ್ಟಿದವನ ಮೇಲೆ ಇಡುತ್ತದೆ. ಎರಡನೆಯದು ನಮ್ಮ ಈಗಿನ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಯಾರೂ ಮಾಳಿಗೆಗೆ ಹತ್ತಬಾರದೆಂದು ಆ ವಿಧಿಯು ಹೇಳಲಿಲ್ಲ. ಹಾಗೆ ಹೇಳುವದು ಎಷ್ಟೋ ಸುಲಭವಾಗಿತ್ತು. ಕಲ್ಲು ಮಣ್ಣಿನ ಖರ್ಚೂ ಉಳಿಯುತ್ತಿತ್ತು. ಜನರು ಹತ್ತುವರು, ಹತ್ತಲಿ, ನೀನು ಗೋಡೆಯನ್ನು ಕಟ್ಟು ಎಂಬದೇ ಅದರ ಭಾವ. ನಾವಾದರೋ ಗೋಡೆ ಕಟ್ಟುವದನ್ನು ಬಿಟ್ಟು ಏಣಿಯನ್ನು ತೆಗೆದಿಡುತ್ತೇವೆ.

ಏಣಿ ತೆಗೆದಿಟ್ಟರೆ ತಪ್ಪೇನು, ಬೀಳುವದಾದರೂ ನಿಲ್ಲುವದಲ್ಲವೇ ಎಂದರೆ, ಅದು ನಿಲ್ಲುವದೇ ಇಲ್ಲ. ಇದನ್ನು ತಿಳಿಯಬೇಕಾದರೆ ನಮ್ಮ ದೇಹವು ಹೇಗೆ ನಿಲ್ಲುತ್ತದೆಂಬದನ್ನು ನೋಡಬೇಕು.

ನಿಂತ ಮನುಷ್ಯನು ನೆಟ್ಟ ಕಂಬದ ಹಾಗೆ ನಿಂತಿರುವದಿಲ್ಲ. ಆತನ ಶರೀರವು ಕಾಣದಷ್ಟು ಸಣ್ಣಗೆ ಯಾವಾಗಲೂ ಅತ್ತಿತ್ತ ತೂಗುತ್ತಿರುತ್ತದೆ, ತೂಗಿದಾಗಲೆಲ್ಲ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಈ ತಿದ್ದುಪಾಟಿಗೆ ಮೂರು ಕಡೆಗಳಿಂದ ಸುದ್ದಿ ಬರಬೇಕು. ಕಣ್ಣು ಒಂದು. ಕಿವಿಯ ಒಳಭಾಗದಲ್ಲಿ ನೀರು ತುಂಬಿದ ಮೂರು ಬಾಗಿದ ನಾಳಗಳುಂಟು. ತಲೆಯು ಯಾವ ಕಡೆಗೆ ತಿರುಗಿತೆಂದು ಅವು ಹೇಳುತ್ತವೆ. ಮೂರನೆಯದು ಅಂಗಾಲು ಮತ್ತು ಕೀಲುಗಳು. ನೆಲವು ಇಳಿಜಾರೋ ಸಮವೋ ಎಂದು ಅವು ತಿಳಿಸುತ್ತವೆ. ಸಕ್ಕರೆ ರೋಗದಿಂದ ಪಾದಗಳು ಜೋಮು ಹಿಡಿದವರು ಹಗಲಲ್ಲಿ ಚೆನ್ನಾಗಿಯೇ ನಡೆದು ಕತ್ತಲಲ್ಲಿ ಬೀಳುವದು ಯಾಕೆಂದರೆ, ಅಂಗಾಲಿನ ಸುದ್ದಿ ನಿಂತುಹೋಗಿ ಕಣ್ಣೊಂದರ ಮೇಲೆಯೇ ಆತುಕೊಂಡಿರುತ್ತಾರೆ. ಸುದ್ದಿ ಬಂದರೆ ಸಾಲದು; ಕ್ಷಣಮಾತ್ರದಲ್ಲಿ ಹೆಜ್ಜೆಯನ್ನು ಮುಂದಿಟ್ಟು ಭಾರವನ್ನು ಹಿಡಿಯುವ ಶಕ್ತಿ ತೊಡೆಯಲ್ಲಿಯೂ ಕಣಕಾಲಿನಲ್ಲಿಯೂ ಇರಬೇಕು.

ಆ ಶಕ್ತಿಯು ಕೂತರೆ ಉಳಿಯುವದಿಲ್ಲ. 2007ರಲ್ಲಿ ಅಮೇರಿಕಾ ದೇಶದಲ್ಲಿ ಆರೋಗ್ಯವಂತರಾದ ಕೆಲವು ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಮಲಗಿಸಿ ನೋಡಿದರು. ಅಷ್ಟರಲ್ಲಿಯೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಕಟ್ಟೆಯ ಮೇಲೆ ಕೂತವರಿಗೆ ಅಷ್ಟು ವೇಗವಾಗಿ ಕರಗದಿರಬಹುದು, ಆದರೆ ದಾರಿ ಅದೇ. ಒಮ್ಮೆ ಬಿದ್ದವರನ್ನು ಭಯ ಹಿಡಿಯುತ್ತದೆ, ಭಯದಿಂದ ಕೂಡ್ರುತ್ತಾರೆ, ಕೂಡ್ರುವದರಿಂದ ತೊಡೆ ಸೊರಗುತ್ತದೆ, ಸೊರಗಿದ ತೊಡೆಯವರು ಒಂದು ರಾತ್ರಿ ಮೂತ್ರಕ್ಕೆ ಏಳಲೇಬೇಕಾಗುತ್ತದೆ. ಆ ರಾತ್ರಿ ಸೊಸೆಯ ಅಪ್ಪಣೆ ಉಪಯೋಗಕ್ಕೆ ಬಾರದು. ಮನುಷ್ಯನನ್ನು ಹಗಲೆಲ್ಲ ಕೂಡ್ರಿಸಬಹುದು, ಆದರೆ ಏಳದಂತೆ ಮಾಡಲಿಕ್ಕಾಗದು.

ಇದಕ್ಕೆ ಪ್ರತಿಯಾಗಿ, ನಡೆಸಿದರೆ ಬೀಳುವದು ಕಡಿಮೆಯಾಗುವದೆಂಬದಕ್ಕೆ ಬಲವಾದ ಸಾಕ್ಷಿ ದೊರೆತಿದೆ. ನ್ಯೂಜೀಲೆಂಡ್ ದೇಶದಲ್ಲಿ ಎಂಭತ್ತು ವರುಷ ದಾಟಿದ ಹೆಂಗಸರ ಮನೆಗಳಿಗೇ ಹೋಗಿ, ಕಾಲಿಗೆ ಬಲ ಕೊಡುವ, ಸಮತೂಕ ಕಲಿಸುವ ಅಭ್ಯಾಸಗಳನ್ನೂ ನಡಿಗೆಯನ್ನೂ ಹೇಳಿಕೊಟ್ಟು ನೋಡಿದರು. 1997ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಅಭ್ಯಾಸ ಮಾಡಿದವರು ಇತರರಿಗಿಂತ ಕಡಿಮೆ ಸಾರಿ ಬಿದ್ದರು. ಇಂಥಾ 108 ಪರೀಕ್ಷೆಗಳನ್ನು, ಅಂದರೆ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವೃದ್ಧರ ಸಂಗತಿಯನ್ನು, 2019ರಲ್ಲಿ ಒಟ್ಟುಗೂಡಿಸಿ ತೂಗಿದವರು, ವ್ಯಾಯಾಮದಿಂದ ಬೀಳುವದು ಸುಮಾರು ನೂರಕ್ಕೆ 23ರಷ್ಟು ಕಡಿಮೆಯಾಗುವದೆಂದು ಕಂಡುಕೊಂಡರು. ಪೂರಾ ನಿಲ್ಲುವದೆಂದು ಅವರು ಹೇಳಲಿಲ್ಲ. ನಾಲ್ಕು ಸಾರಿ ಬೀಳುವಲ್ಲಿ ಮೂರು ಸಾರಿ ಎಂದಿಟ್ಟುಕೊಳ್ಳಿರಿ. ಆ ನಾಲ್ಕನೆಯದರಲ್ಲಿಯೇ ಸೊಂಟ ಮುರಿಯುವದಿತ್ತೋ ಏನೋ ಯಾರು ಬಲ್ಲರು?

ಈ ಅಭ್ಯಾಸಗಳಿಗೆ ಹಣ ಬೇಡ. ಮನೆಯ ನಡುಗಂಬವನ್ನು ಎರಡು ಕೈಗಳಿಂದ ಹಿಡಿದು ನಿಂತು ಹಿಮ್ಮಡಿಯನ್ನು ಎತ್ತಿ ಇಳಿಸುವದು. ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟು ಹತ್ತು ಎಣಿಸುವ ತನಕ ನಿಲ್ಲುವದು. ಗೋಡೆಯ ಪಕ್ಕದಲ್ಲಿ ಅಡ್ಡಡ್ಡಲಾಗಿ ನಡೆಯುವದು. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು ಕೂಡ್ರುವದು. ಮೊದಲು ಯಾರಾದರೂ ಪಕ್ಕದಲ್ಲಿರಬೇಕು. ಕಂಬವನ್ನು ಎರಡು ಕೈಯಿಂದ ಹಿಡಿದವರು ಕೆಲವು ವಾರಗಳ ಮೇಲೆ ಒಂದು ಕೈಯಿಂದ, ಆ ಮೇಲೆ ಎರಡು ಬೆರಳುಗಳಿಂದ ಹಿಡಿದರೆ ಸಾಕಾಗುವದು. ಎದೆನೋವು, ತಲೆಸುತ್ತು ಇದ್ದವರು ವೈದ್ಯರನ್ನು ಕೇಳಿ ಆರಂಭಿಸತಕ್ಕದ್ದು. ನಮ್ಮ ಹಿರಿಯರು ನೆಲದ ಮೇಲೆ ಕೂತು ಉಣ್ಣುವದೂ, ಕುಕ್ಕರುಗಾಲಿನಿಂದ ಏಳುವದೂ ಇದೇ ಜಾತಿಯ ಅಭ್ಯಾಸಗಳಾಗಿದ್ದವು. ಅಜ್ಜನಿಗೆ ಪ್ಲಾಸ್ಟಿಕ್ ಕುರ್ಚಿ ಬಂತೆಂದು ಸಂತೋಷಪಡುವ ಮನೆಯವರು, ಆತನ ತೊಡೆಗೆ ಇದ್ದ ಒಂದು ಕೆಲಸ ಹೋಯಿತೆಂಬದನ್ನೂ ನೆನಸಬೇಕು.

ಮಲ್ಲಾಡಿಹಳ್ಳಿಯು ನಮ್ಮ ತಾಲ್ಲೂಕಿನದೇ. 1943ರಲ್ಲಿ ಅಲ್ಲಿ ಅನಾಥ ಸೇವಾಶ್ರಮವನ್ನು ಸ್ಥಾಪಿಸಿದ ರಾಘವೇಂದ್ರ ಸ್ವಾಮಿಗಳು ಊರೂರು ತಿರುಗಿ ಯೋಗಾಸನಗಳನ್ನು ಕಲಿಸಿದ್ದನ್ನು ಈ ಸೀಮೆಯ ಹಳಬರು ಅರಿತಿದ್ದಾರೆ. ಅವರು 1996ರಲ್ಲಿ ತೀರಿಕೊಂಡರು. ಇದೇ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡಿಸಿದವರು, ಬಿ.ಕೆ.ಎಸ್. ಅಯ್ಯಂಗಾರರು ಅವರ ಶಿಷ್ಯರು. ಜೀವಮಾನವೆಲ್ಲಾ ಶರೀರದ ಹಿಡಿತವನ್ನೇ ಅಭ್ಯಾಸಮಾಡಿದ ಇವರಿಗೂ ತೊಂಬತ್ತಾರನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದು ಹೇಳಿ, ಹಾಸಿಗೆಯಲ್ಲಿಯೇ ಮಾಡತಕ್ಕ ಅಭ್ಯಾಸಗಳನ್ನು ತಾವೇ ಏರ್ಪಡಿಸಿಕೊಂಡರಂತೆ. 1989ರಲ್ಲಿ, ನೂರು ವರುಷ ತುಂಬಿದ ಮೇಲೆ, ಕಾಲವಾದರು. ಶಸ್ತ್ರಚಿಕಿತ್ಸೆಯನ್ನು ಬೇಡವೆಂದದ್ದನ್ನು ಯಾರೂ ಅನುಸರಿಸಬಾರದು; ಅದು ಅವರೊಬ್ಬರ ಮಾತು. ಆದರೆ ಅಭ್ಯಾಸವುಳ್ಳವರು ಬೀಳುವದೇ ಇಲ್ಲವೆಂದು ಯಾರೂ ಹೇಳದ ಹಾಗೆ ಅವರ ಸಂಗತಿಯು ನಮ್ಮ ಬಾಯಿ ಮುಚ್ಚಿಸುತ್ತದೆ. ಮೂಳೆ ಮುರಿಯುವದು ಅವಮಾನವಲ್ಲವೆಂದೂ ತೋರಿಸುತ್ತದೆ. ಬಿದ್ದ ಮುದುಕಿಗೆ, ನೀನು ಜೋಪಾನವಾಗಿ ಇರಲಿಲ್ಲ ಎಂದು ಗದರಿಸುವವರು ಇದನ್ನು ಯೋಚಿಸಲಿ.

ಹಾಗಾದರೆ ಮನೆಯವರು ಕಟ್ಟತಕ್ಕ ಕುಂಬಿಗೋಡೆ ಯಾವದು? ಬಹುಮಟ್ಟಿಗೆ ಅದು ಬಚ್ಚಲಿನಲ್ಲಿದೆ. ಪಾಚಿ ಕಟ್ಟಿದ ಕಲ್ಲನ್ನು ವಾರಕ್ಕೊಮ್ಮೆ ತಿಕ್ಕುವದು ಒಂದು ಗಂಟೆಯ ಕೆಲಸ. ಹೊಸ ಮನೆ ಕಟ್ಟುವವರು ಕನ್ನಡಿಯಂಥಾ ನುಣುಪಾದ ಟೈಲ್ಸನ್ನು ಬಚ್ಚಲಿಗೂ ಹಾಕಿಸುತ್ತಾರೆ. ನೋಡಲಿಕ್ಕೆ ಚಂದ, ನೀರು ಬಿದ್ದರೆ ಬಂಡೆಯ ಮೇಲಿನ ಎಣ್ಣೆ. ಒರಟು ಕಲ್ಲು ಅದಕ್ಕಿಂತ ಅಗ್ಗವೂ ಹೌದು, ಕ್ಷೇಮವೂ ಹೌದು. ಶೌಚಾಲಯವು ಮನೆಯಿಂದ ದೂರವಿದ್ದರೆ ಹಿತ್ತಲ ಬಾಗಿಲಿನಿಂದ ಅಲ್ಲಿಯ ತನಕ ಕೈಗೆ ಸಿಕ್ಕುವ ಎತ್ತರದಲ್ಲಿ ಬಿದಿರಿನ ಗಳವನ್ನು ಗೂಟಗಳಿಗೆ ಭದ್ರವಾಗಿ ಕಟ್ಟಿರಿ. ಒಂದು ದೀಪ ಇಡೀ ರಾತ್ರಿ ಉರಿಯಲಿ. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ನಡುಮನೆಯಲ್ಲಿ ಹಾಸಿದ ಗೋಣಿಚೀಲ, ಹಗ್ಗದ ಸುರುಳಿ, ಅಡಿಕೆ ಸಿಪ್ಪೆಯ ರಾಶಿ, ಕೊಟ್ಟಿಗೆಯ ಗಂಜಲ, ಇವೆಲ್ಲ ಕಣ್ಣಿಗೆ ಅಭ್ಯಾಸವಾಗಿ ಕಾಣದೆ ಹೋಗುವವುಗಳು. ಹಿಮ್ಮಡಿ ಸವೆದ ಹವಾಯಿ ಚಪ್ಪಲಿಯನ್ನು ಮಗನು ಬಿಟ್ಟ ಮೇಲೆ ಅಪ್ಪನಿಗೆ ಕೊಡುವ ಪದ್ಧತಿ ಇನ್ನಾದರೂ ನಿಲ್ಲಬೇಕು.

ಊರುಗೋಲನ್ನು ಅನೇಕರು ನೋವಿರುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಅದು ಗಟ್ಟಿ ಕಾಲಿನ ಕಡೆಯ ಕೈಯಲ್ಲಿರಬೇಕು, ಅದರ ಎತ್ತರ ನಿಂತಾಗ ಮಣಿಕಟ್ಟಿಗೆ ಬರಬೇಕು. ಕಣ್ಣಿನ ಪೊರೆಯನ್ನು ಸಕಾಲದಲ್ಲಿ ತೆಗೆಸಬೇಕು. ರಕ್ತದೊತ್ತಡದ ಮಾತ್ರೆ, ನಿದ್ರೆಯ ಮಾತ್ರೆ ನುಂಗುವವರು ಹಾಸಿಗೆಯಿಂದ ದಿಢೀರನೆ ಎದ್ದರೆ ರಕ್ತವು ಕಾಲಿಗಿಳಿದು ತಲೆ ತಿರುಗುವದು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಆ ಮೇಲೆ ಏಳಬೇಕು. ಆದರೆ ಮಾತ್ರೆಯನ್ನು ತಾವಾಗಿ ಬಿಡಬಾರದು, ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳಬೇಕು. ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚೆಂಬದು ತಿಳಿದ ವಿಷಯ. ಬಹುಕಾಲ ಅದನ್ನು ಕುಡಿದವರ ಬೆನ್ನೂ ಕೀಲುಗಳೂ ಬಿಗಿಯುತ್ತವೆ. ಶುದ್ಧೀಕರಿಸಿದ ನೀರಿನ ಕೊಡವನ್ನು ತರುವದು ಈ ಸೀಮೆಯಲ್ಲಿ ಸಮತೂಕದ ಕೆಲಸವೂ ಆಗಿದೆ.

ಇನ್ನೊಂದು ಸಣ್ಣ ಸಂಗತಿ. ಸ್ವೀಡನ್ ದೇಶದ ಒಂದು ವೃದ್ಧರ ವಸತಿಯಲ್ಲಿ 58 ಮಂದಿಯನ್ನು ಪರೀಕ್ಷಿಸಿ 1997ರಲ್ಲಿ ಬರೆದರು. ನಡೆಯುವಾಗ ಮಾತಾಡಿಸಿದರೆ ಅವರಲ್ಲಿ ಹನ್ನೆರಡು ಮಂದಿ ನಿಂತು ಉತ್ತರ ಹೇಳುತ್ತಿದ್ದರು. ಆರು ತಿಂಗಳೊಳಗೆ ಆ ಹನ್ನೆರಡರಲ್ಲಿ ಹತ್ತು ಮಂದಿ ಬಿದ್ದರು. ನಡಿಗೆಯೊಂದಕ್ಕೇ ಅವರ ಮನಸ್ಸೆಲ್ಲಾ ಬೇಕಾಗಿತ್ತು. ಆದದರಿಂದ ದಾರಿಯಲ್ಲಿ ಅಜ್ಜನು ನಿಮ್ಮ ಮಾತಿಗೆ ನಿಂತುಬಿಟ್ಟರೆ, ನಡೀರಿ, ನಡೀತಾ ಮಾತಾಡೋಣ ಎಂದು ಎಳೆಯಬೇಡಿರಿ. ನೀವೂ ನಿಲ್ಲಿರಿ.

ಆದರೆ ಕಷ್ಟವಾದ ಪ್ರಶ್ನೆ ಉಳಿದೇ ಇದೆ. ಗೋಡೆ ಕಟ್ಟಿದ್ದಾಯಿತು, ದೀಪ ಇಟ್ಟಿದ್ದಾಯಿತು. ಮುದುಕನು ಹೊಲಕ್ಕೇ ಹೋಗುತ್ತೇನೆಂದು ಹಟ ಹಿಡಿದರೆ? ಬದುವಿನ ಮೇಲೆ ನಡೆಯುವಾಗ ಬಿದ್ದರೆ? ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ, ಒಪ್ಪದವರು ಒಪ್ಪದಿರಲಿ. ಬುದ್ಧಿ ಸ್ಥಿರವಾಗಿರುವ ಮನುಷ್ಯನ ಕಾಲು ಆತನದು. ತನ್ನ ಹೊಲವನ್ನು ನೋಡುವದು ಬೀಳುವ ಅಪಾಯಕ್ಕಿಂತ ದೊಡ್ಡದೆಂದು ಆತನು ಎಣಿಸಿದರೆ, ಆ ತೂಕವನ್ನು ಮಾಡುವ ಹಕ್ಕು ಆತನಿಗುಂಟು. ಕೋಲನ್ನು ಕೊಡಬಹುದು, ಮೊಮ್ಮಗನನ್ನು ಜೊತೆಗೆ ಕಳುಹಿಸಬಹುದು, ಮಳೆ ಬಂದ ದಿನ ಬೇಡವೆಂದು ಬೇಡಿಕೊಳ್ಳಬಹುದು. ಚಪ್ಪಲಿಯನ್ನು ಬಚ್ಚಿಡುವದು ಸಲ್ಲದು. ಮರೆವಿನ ರೋಗದಿಂದ ದಾರಿಯನ್ನೂ ಅಪಾಯವನ್ನೂ ತಿಳಿಯಲಾರದವರ ಸಂಗತಿ ಬೇರೆ. ಅವರಿಗೆ ಕಣ್ಗಾವಲು ಬೇಕು. ತೆಂಗಿನ ಮರಕ್ಕೋ ಏಣಿಗೋ ಹತ್ತುತ್ತೇನೆನ್ನುವ ಎಪ್ಪತ್ತರ ಮನುಷ್ಯನಿಗೆ ನಾವು ಸಹ ಅಡ್ಡ ನಿಲ್ಲುವೆವು, ಯಾಕಂದರೆ ಆತನು ಬಿದ್ದರೆ ಹೊರಬೇಕಾದ ಹೊರೆ ಆತನೊಬ್ಬನದಲ್ಲ. ಇಲ್ಲಿಯೇ ವೃದ್ಧರ ಪಾಲಿಗೂ ಒಂದು ಸಾಲ ಬರುತ್ತದೆ. ನಡೆಯುವ ಸ್ವಾತಂತ್ರ್ಯವನ್ನು ಕೇಳುವವರು ಬಿದ್ದದ್ದನ್ನು ಬಚ್ಚಿಡಬಾರದು. ಬಿದ್ದೆನೆಂದು ಹೇಳಿದರೆ ಬೈಗುಳ ಬಾರದೆಂಬ ಭರವಸೆಯನ್ನು ಮನೆಯವರು ಕೊಡಬೇಕು. ಮೊದಲು ಕೊಡಬೇಕಾದವರು ಮನೆಯವರೇ.

ಇಷ್ಟಾದರೂ ಬೀಳುವವರು ಬೀಳುವರು. ಬಿದ್ದವರನ್ನು ತಟ್ಟನೆ ಎಳೆದು ನಿಲ್ಲಿಸಬೇಡಿರಿ. ಒಂದು ಕಾಲು ಗಿಡ್ಡವಾಗಿ ಕಂಡು ಪಾದವು ಹೊರಗಡೆಗೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಲುಗಿಸದೆ 108ಕ್ಕೆ ಕರೆ ಮಾಡಿರಿ. ಎಲುಬು ಕಟ್ಟುವವರ ಪಟ್ಟಿಯಿಂದ ಕೈಮೂಳೆ ಕೂಡಿದ್ದನ್ನು ಕಂಡವರು ಸೊಂಟಕ್ಕೂ ಅದನ್ನೇ ನಂಬುತ್ತಾರೆ. ತಿಂಗಳುಗಟ್ಟಲೆ ಮಲಗಿದ ಮುದುಕರಿಗೆ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವದು ಬರುತ್ತವೆ; ಮುರಿದ ಮೂಳೆಗಿಂತ ಇವೇ ಪ್ರಾಣ ತೆಗೆಯುವವುಗಳು. ಸಾಧ್ಯವಾದರೆ ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳುವದು ಇದಕ್ಕೋಸ್ಕರವೇ. ಅದಾದ ಮರುದಿನವೇ ಅವರು ರೋಗಿಯನ್ನು ಎಬ್ಬಿಸಿ ನಿಲ್ಲಿಸಲಿಕ್ಕೆ ನೋಡುತ್ತಾರೆ. ನೋವಿರುತ್ತದೆ, ಕಾಲು ನಡುಗುತ್ತದೆ. ಎಳನೀರು ಹಿಡಿದು ನೋಡಲಿಕ್ಕೆ ಬಂದ ನೆಂಟರು, ಪಾಪ, ಮಲಗಿಸಿರಿ, ಮಲಗಿಸಿರಿ ಎನ್ನುತ್ತಾರೆ. ಸೊಸೆಯು ವೈದ್ಯರ ಮುಖವನ್ನೂ ನೆಂಟರ ಮುಖವನ್ನೂ ನೋಡುತ್ತಾ ನಿಲ್ಲುತ್ತಾಳೆ. ಆ ಹೊತ್ತಿನಲ್ಲಿ ಹೋಗಿ ನೋಡುವವರು ನಮ್ಮಲ್ಲಿ ಯಾರಾದರೂ ಆಗಿದ್ದರೆ, ಮಂಚದಿಂದ ಬಾಗಿಲ ತನಕ ನೆಲದ ಮೇಲೆ ಹರಡಿರುವ ಬುತ್ತಿಯ ಡಬ್ಬಿ, ಚೀಲ, ಚಾಪೆಗಳನ್ನು ತೆಗೆದು ಗೋಡೆಯ ಬದಿಗೆ ಇಟ್ಟುಬಿಡಲಿ.